ಗರ್ಭಿಣಿ, ಎಚ್‌ಐವಿ ಮತ್ತು ಫ್ಲೂ: ದಕ್ಷಿಣ ಆಫ್ರಿಕಾದ ಪಾಠ

ಇನ್‌ಫ್ಲುಯೆಂಜಾ, ಅಂದರೆ ಫ್ಲೂ, ಬಹುತೇಕರಿಗೆ ವಾರದಲ್ಲಿ ವಾಸಿಯಾಗುವ ಜ್ವರ. ಗರ್ಭಿಣಿಯರಿಗೆ ಅದು ಪ್ರಾಣಕ್ಕೇ ಕುತ್ತಾಗಬಹುದು. ಎಚ್‌ಐವಿಯೂ ಜೊತೆಗಿದ್ದರೆ ಅಪಾಯ ಇನ್ನೂ ಹೆಚ್ಚು. ದಕ್ಷಿಣ ಆಫ್ರಿಕಾದಲ್ಲಿ ಇದು ಕಣ್ಣಿಗೆ ರಾಚುವಂತೆ ಕಂಡಿತು.

2009ರ ಸಾವುಗಳು

ಎಚ್‌1ಎನ್‌1 ಫ್ಲೂ ಜಗತ್ತಿಗೆ ಹಬ್ಬಿದ 2009ರಲ್ಲಿ, ಅಲ್ಲಿನ ಸರ್ಕಾರಿ ಚಿಕಿತ್ಸಾಲಯಗಳಿಗೆ ಬರುತ್ತಿದ್ದ ಗರ್ಭಿಣಿಯರಲ್ಲಿ ಸುಮಾರು ಶೇ 29ರಷ್ಟು ಮಂದಿಗೆ ಎಚ್‌ಐವಿ ಇತ್ತು. ಅಕ್ಟೋಬರ್ ಹೊತ್ತಿಗೆ 12 ಸಾವಿರಕ್ಕೂ ಹೆಚ್ಚು ಜನರಲ್ಲಿ ಈ ಫ್ಲೂ ದೃಢಪಟ್ಟು, 91 ಮಂದಿ ತೀರಿಕೊಂಡಿದ್ದರು. ಸತ್ತವರ ಪೈಕಿ ಹೆರುವ ವಯಸ್ಸಿನ ಮಹಿಳೆಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಗರ್ಭಿಣಿ, ಬಾಣಂತಿಯರು. ಎಚ್‌ಐವಿ ಪರೀಕ್ಷೆಯ ಫಲಿತಾಂಶ ಲಭ್ಯವಿದ್ದ ಮೃತರಲ್ಲಿಯೂ ಸುಮಾರು ಅರ್ಧದಷ್ಟು ಮಂದಿ ಸೋಂಕಿತರು.

ದೇಹದಲ್ಲಿ ಆಗುವುದೇನು?

ಗರ್ಭ ಬೆಳೆದಂತೆ ವಪೆ ಮೇಲಕ್ಕೆ ಸರಿದು, ಶ್ವಾಸಕೋಶಕ್ಕೆ ಹಿಗ್ಗಲು ಜಾಗ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ತಾಯಿಗೆ ಹೆಚ್ಚು ಆಮ್ಲಜನಕ ಬೇಕು. ರೋಗನಿರೋಧಕ ವ್ಯವಸ್ಥೆಯಲ್ಲೂ ಬದಲಾವಣೆಗಳಾಗಿರುತ್ತವೆ. ಹಾಗಾಗಿ ಫ್ಲೂ ನ್ಯುಮೋನಿಯಾಕ್ಕೆ ತಿರುಗಿದರೆ ತಾಯಿ ಬೇಗ ಸೋಲುತ್ತಾಳೆ. ಎಚ್‌ಐವಿ ಸಿಡಿ4 ಎಂಬ ರೋಗನಿರೋಧಕ ಕಣಗಳನ್ನು ನಾಶಮಾಡುವುದರಿಂದ ಕ್ಷಯ ಮತ್ತು ಬ್ಯಾಕ್ಟೀರಿಯಾದ ನ್ಯುಮೋನಿಯಾಗಳಿಗೂ ದಾರಿಯಾಗುತ್ತದೆ. ಇಂಥ ಸಾವು ಎಷ್ಟೋ ಸಲ ನ್ಯುಮೋನಿಯಾ ಎಂದಷ್ಟೇ ದಾಖಲಾಗಿ, ಅದರ ಹಿಂದಿದ್ದ ಫ್ಲೂ ಲೆಕ್ಕಕ್ಕೇ ಸಿಗುವುದಿಲ್ಲ.

ಸೊವೆಟೊದಲ್ಲಿ ಲಸಿಕೆಯ ಪರೀಕ್ಷೆ

ಜೋಹಾನ್ಸ್‌ಬರ್ಗ್ ಬಳಿಯ ಸೊವೆಟೊದಲ್ಲಿ 2011 ಮತ್ತು 2012ರಲ್ಲಿ, 20ರಿಂದ 36 ವಾರಗಳ ಗರ್ಭಿಣಿಯರಲ್ಲಿ ಕೆಲವರಿಗೆ ಫ್ಲೂ ಲಸಿಕೆ, ಉಳಿದವರಿಗೆ ಬರೀ ಉಪ್ಪುನೀರಿನ ಇಂಜೆಕ್ಷನ್ ಕೊಡಲಾಯಿತು. ಎಚ್‌ಐವಿ ಇಲ್ಲದ 2,116 ಮಂದಿ, ಇದ್ದ 194 ಮಂದಿ ಭಾಗವಹಿಸಿದ್ದರು. ಹೆರಿಗೆಯ ನಂತರ 24 ವಾರಗಳವರೆಗೂ ತಾಯಿ, ಮಗುವಿನ ಮೇಲೆ ನಿಗಾ ಇಡಲಾಯಿತು. ಎಚ್‌ಐವಿ ಇಲ್ಲದ ತಾಯಂದಿರಲ್ಲಿ ಮತ್ತು ಅವರ ಕೂಸುಗಳಲ್ಲಿ ಫ್ಲೂ ಸುಮಾರು ಅರ್ಧಕ್ಕೆ ಇಳಿಯಿತು. ಎಚ್‌ಐವಿ ಇದ್ದ ತಾಯಂದಿರಲ್ಲಿ ಲಸಿಕೆಗೆ ಪ್ರತಿಕಾಯಗಳ ಸ್ಪಂದನೆ ದುರ್ಬಲವಾಗಿತ್ತು. ಆದರೂ ಶೇ 58ರಷ್ಟು ರಕ್ಷಣೆ ಸಿಕ್ಕಿತು.

ತಡೆಯುವ ಬಗೆ

ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಫ್ಲೂ ಲಸಿಕೆಗೆ ಗರ್ಭಿಣಿಯರೇ ಮೊದಲ ಆದ್ಯತೆ ಎಂದಿತು. ನಿಷ್ಕ್ರಿಯ ವೈರಸ್‌ನ ಲಸಿಕೆಯನ್ನು ಗರ್ಭದ ಯಾವ ತಿಂಗಳಲ್ಲಾದರೂ ಕೊಡಬಹುದು. ಎಚ್‌ಐವಿಗೆ ಎಆರ್‌ಟಿ ಮಾತ್ರೆಗಳನ್ನು ತಪ್ಪದೆ ನುಂಗಿದರೆ ನಿರೋಧಕ ಶಕ್ತಿ ಚೇತರಿಸಿಕೊಳ್ಳುತ್ತದೆ. ಫ್ಲೂ ಶಂಕೆಯಿದ್ದರೆ ವರದಿಗೆ ಕಾಯದೆ, ಸಾಧ್ಯವಾದರೆ 48 ಗಂಟೆಯೊಳಗೆ, ಒಸೆಲ್ಟಾಮಿವಿರ್ ಎಂಬ ಫ್ಲೂ ಔಷಧ ಆರಂಭಿಸಬೇಕು. ಎಚ್‌ಐವಿ ವ್ಯಾಪಕವಾಗಿರುವ ಕಡೆ ಈ ಮೂರೂ ಗರ್ಭಿಣಿಯರ ತಪಾಸಣೆ ನಡೆಯುವ ಚಿಕಿತ್ಸಾಲಯದಲ್ಲೇ ಸಿಗಬೇಕು. ಬಸುರಿಯ ಜ್ವರವನ್ನು ಯಾರೂ, ಎಲ್ಲಿಯೂ ಹಗುರವಾಗಿ ಕಾಣಬಾರದು.