ಸರ್ಚ್ ಎಂಜಿನ್

ಅಂತರ್ಜಾಲದ ಪುಟಗಳನ್ನು ಮೊದಲೇ ಓದಿ ಪದಸೂಚಿ ಸಿದ್ಧಪಡಿಸಿಕೊಂಡು, ಕೇಳಿದ ಪದಕ್ಕೆ ಹೊಂದುವ ಪುಟಗಳನ್ನು ಪ್ರಾಮುಖ್ಯದ ಕ್ರಮದಲ್ಲಿ ತೋರಿಸುವ ತಂತ್ರಾಂಶ. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಸ್ಥಾಪಿಸಿದ ಗೂಗಲ್, ಒಂದು ಪುಟಕ್ಕೆ ಇತರ ಪುಟಗಳು ಕೊಟ್ಟ ಕೊಂಡಿಗಳನ್ನು ಈ ಕ್ರಮಕ್ಕೆ ಆಧಾರವಾಗಿಸಿತು.

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿದ್ದ ಪಠ್ಯ ಕನ್ನಡ ಅಕ್ಷರಗಳ ಹುಡುಕಾಟಕ್ಕೆ ಸಿಗುತ್ತಿರಲಿಲ್ಲ. ಅಕ್ಷರಗಳಿಗೆ ಎಲ್ಲೆಡೆ ಒಂದೇ ಸಂಕೇತ ಕೊಡುವ ಯೂನಿಕೋಡ್ ಬಳಕೆ ಹರಡಿದ ಮೇಲೆ ಆ ತೊಡಕು ನೀಗಿತು. 2017ರಲ್ಲಿ ಗೂಗಲ್‌ನ ಧ್ವನಿ ಹುಡುಕಾಟಕ್ಕೆ ಕನ್ನಡವೂ ಸೇರಿದ್ದರಿಂದ ಟೈಪ್ ಮಾಡಲು ಬಾರದವರೂ ಬಾಯಿಮಾತಿನಲ್ಲಿ ಕೇಳುವಂತಾಯಿತು.

ಇಂಥ ಹುಡುಕಾಟದಿಂದ ಹಳ್ಳಿಗಳ ದಿನಚರಿಯೂ ಬದಲಾಗಿದೆ. ಉದಾಹರಣೆಗೆ, ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ, ತುಂಗಭದ್ರಾ ದಡದ ಚೀಕಲಪರ್ವಿ ಹರಿದಾಸ ವಿಜಯದಾಸರ (1682–1755) ಹುಟ್ಟೂರು. ಅಲ್ಲಿಗೆ ಹೋಗುವ ದಾರಿಯೂ ದಾಸರ ಸುಳಾದಿ ಎಂಬ ರಚನೆಗಳ ಪಠ್ಯ, ಗಾಯನಗಳೂ ಇಂದು ಮೊಬೈಲ್‌ನಲ್ಲೇ ಸಿಗುತ್ತವೆ. ಭತ್ತ, ಹತ್ತಿ ಬೆಳೆಯುವ ಈ ಭಾಗದ ರೈತರಿಗೆ ಎಪಿಎಂಸಿ ಧಾರಣೆ, 'ಭೂಮಿ' ತಾಣದ ಪಹಣಿ, ತುಂಗಭದ್ರಾ ಜಲಾಶಯದ ನೀರಿನ ಮಟ್ಟ ಇದೇ ಬಗೆಯಲ್ಲಿ ದೊರೆಯುತ್ತವೆ.

ಆದರೆ ಹುಡುಕಿದಾಗ ಮೊದಲು ಕಾಣುವ ಫಲಿತಾಂಶ ಹಣ ಕೊಟ್ಟು ಹಾಕಿಸಿದ ಜಾಹೀರಾತಾಗಿರಬಹುದು. ನಕಲಿ ಸಹಾಯವಾಣಿ ಸಂಖ್ಯೆಗಳಿಂದ ವಂಚನೆಯೂ ನಡೆಯುತ್ತದೆ. ಆದ್ದರಿಂದ ಹಣ, ಔಷಧ, ಜಮೀನಿನ ವಿಷಯಗಳಲ್ಲಿ ಅಧಿಕೃತ ತಾಣವನ್ನೇ ನೋಡಿ ಖಚಿತಪಡಿಸಿಕೊಳ್ಳುವುದು ಅಗತ್ಯ.