ಬಟ್ಟೆ, ಕೋಲು, ಕಾಲ: ಗುಂಡೇಟಿನ ರಕ್ತಸ್ರಾವ ತಡೆಯ ಚರಿತ್ರೆ

ಅಮೆರಿಕದ ಅಂತರ್ಯುದ್ಧದ ಶೈಲೋ ಕಾಳಗದಲ್ಲಿ, 1862ರ ಏಪ್ರಿಲ್ 6ರ ಮಧ್ಯಾಹ್ನ, ದಕ್ಷಿಣ ಪಕ್ಷದ ಸೇನಾನಿ ಆಲ್ಬರ್ಟ್ ಸಿಡ್ನಿ ಜಾನ್‌ಸ್ಟನ್‌ನ ಬಲ ಮೊಣಕಾಲಿನ ಹಿಂಬದಿಗೆ ಗುಂಡು ತಗುಲಿತು. ರಕ್ತ ಬೂಟಿನೊಳಗೆ ಇಳಿಯುತ್ತಿತ್ತು. ಆತನನ್ನು ಕುದುರೆಯಿಂದ ಇಳಿಸಿದವರು ಗಾಯವನ್ನು ಎದೆ, ಹೊಟ್ಟೆಗಳಲ್ಲಿ ಹುಡುಕಿದರು. ಜೊತೆಗಿರಬೇಕಾಗಿದ್ದ ವೈದ್ಯ ಯಾಂಡೆಲ್‌ನನ್ನು ಜಾನ್‌ಸ್ಟನ್ ತಾನೇ ಇತರ ಗಾಯಾಳುಗಳ ಆರೈಕೆಗೆ, ಶತ್ರುಪಕ್ಷದ ಸೆರೆಯಾಳುಗಳೂ ಸೇರಿದಂತೆ, ಹಿಂದೆ ಬಿಟ್ಟು ಬಂದಿದ್ದ. ಸೇನಾನಿ ಸತ್ತಾಗ ಅವನ ಜೇಬಿನಲ್ಲೇ ಒಂದು ಟೂರ್ನಿಕೆಟ್, ಅಂದರೆ ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಕಟ್ಟು, ಇತ್ತು.

ಈ ಸಾವಿನಲ್ಲಿ ಉಪಕರಣಕ್ಕೇನೂ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಅದನ್ನು ಬಿಗಿಯಲು ಅರಿತ ಒಂದು ಜೊತೆ ಕೈಗಳದ್ದು. ಗುಂಡೇಟಿನ ರಕ್ತವನ್ನು ರಣರಂಗದಲ್ಲೇ ತಡೆಯುವ ಚರಿತ್ರೆಯನ್ನು ಸಾಮಾನ್ಯವಾಗಿ ಉಪಕರಣಗಳ ಚರಿತ್ರೆಯೆಂದು ಬರೆಯುತ್ತಾರೆ. ಯಾರು ಕಟ್ಟಬೇಕು, ಕಟ್ಟಿದ ಮೇಲೆ ಎಷ್ಟು ಹೊತ್ತಿಗೆ ಶಸ್ತ್ರವೈದ್ಯನ ಬಳಿ ತಲುಪಬೇಕು ಎಂಬ ಎರಡು ಪ್ರಶ್ನೆಗಳೇ ಇದರ ನಿಜವಾದ ಎಳೆ ಎಂಬುದು ನನ್ನ ವಾದ.

ಕೋವಿ ಬರುವುದಕ್ಕೆ ಬಹಳ ಮೊದಲೇ ರಕ್ತ ನಿಲ್ಲಿಸುವ ಶಾಸ್ತ್ರವಿತ್ತು. ಸುಶ್ರುತಸಂಹಿತೆಯ ಸೂತ್ರಸ್ಥಾನದ 14ನೆಯ ಅಧ್ಯಾಯ ಸಂಧಾನ, ಸ್ಕಂದನ, ಪಾಚನ, ದಹನ ಎಂಬ ನಾಲ್ಕು ಕ್ರಮಗಳನ್ನು ಹೇಳುತ್ತದೆ. ಮಿಕ್ಕವು ಫಲಿಸದಿದ್ದಾಗ ಸುಡುವುದು. ಹದಿನಾರನೆಯ ಶತಮಾನದ ಯುರೋಪಿನಲ್ಲೂ ಸುಡುವುದೇ ಬಳಕೆಯಲ್ಲಿತ್ತು. ಮದ್ದಿನ ಪುಡಿ ಗಾಯವನ್ನು ವಿಷವಾಗಿಸುತ್ತದೆಂದು ನಂಬಿ ಕುದಿಯುವ ಎಣ್ಣೆ ಸುರಿಯುತ್ತಿದ್ದರು. ಟುರಿನ್ ದಂಡಯಾತ್ರೆಯಲ್ಲಿ ಎಣ್ಣೆ ಮುಗಿದಾಗ ಫ್ರಾನ್ಸಿನ ಯುವ ಶಸ್ತ್ರವೈದ್ಯ ಆಂಬ್ರೋಯ್ಸ್ ಪಾರೆ ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಬೆರೆಸಿ ಹಚ್ಚಿದ. ಸುಡಿಸಿಕೊಳ್ಳದವರೇ ಮರುದಿನ ಹೆಚ್ಚು ನೆಮ್ಮದಿಯಾಗಿದ್ದುದನ್ನು ಕಂಡು 1545ರಲ್ಲಿ ಗುಂಡೇಟಿನ ಗಾಯಗಳ ಬಗ್ಗೆ ಪುಸ್ತಕ ಪ್ರಕಟಿಸಿದ. ಮುಂದೆ ಅಂಗಚ್ಛೇದನೆಯಲ್ಲಿ ಕಾದ ಕಬ್ಬಿಣವನ್ನು ಕೈಬಿಟ್ಟು ಅಪಧಮನಿಗಳಿಗೆ ದಾರ ಕಟ್ಟಿದ. ಇವೆಲ್ಲ ದೊಡ್ಡ ಹೆಜ್ಜೆಗಳೇ. ಆದರೂ ಇವು ಗಾಯಾಳು ವೈದ್ಯನ ಮುಂದೆ ಜೀವಂತ ತಲುಪಿದ ಮೇಲಿನ ಮಾತು.

ಅದಕ್ಕಿಂತ ಮುಂಚಿನ ನಿಮಿಷಗಳಿಗೆ ಉತ್ತರ ಹುಟ್ಟಿದ್ದು 1674ರ ಬೆಸಾನ್ಸೋನ್ ಮುತ್ತಿಗೆಯಲ್ಲಿ. ಎಟಿಯೆನ್ ಮೊರೆಲ್ ಎಂಬ ಫ್ರೆಂಚ್ ಸೇನಾವೈದ್ಯ ಕಟ್ಟಿನೊಳಗೆ ಕೋಲು ತೂರಿಸಿ ತಿರುಚಿದ. 1718ರಲ್ಲಿ ಶಸ್ತ್ರವೈದ್ಯ ಜಾನ್ ಲೂಯಿ ಪೆಟಿ ತಿರುಪಿನ ಉಪಕರಣವನ್ನೇ ಮಾಡಿದನಾದರೂ ರಣರಂಗದಲ್ಲಿ ಕೊನೆಯವರೆಗೆ ಉಳಿದದ್ದು ಮೊರೆಲ್‌ನ ಕೋಲು. ಕಾರಣ ಸರಳ ಭೌತಶಾಸ್ತ್ರ. ಬರಿಗೈಯಲ್ಲಿ ಎಷ್ಟೇ ಎಳೆದರೂ ಬಟ್ಟೆಯ ಗಂಟು ತೊಡೆಯ ಆಳದಲ್ಲಿರುವ ಅಪಧಮನಿಯನ್ನು ಸಾಮಾನ್ಯವಾಗಿ ಮುಚ್ಚಲಾರದು. ಅರೆಬಿಗಿ ಕಟ್ಟು ಹೃದಯಕ್ಕೆ ಮರಳುವ ಅಭಿಧಮನಿಗಳನ್ನಷ್ಟೇ ಒತ್ತುತ್ತದೆ. ಒಳಬರುವ ರಕ್ತಕ್ಕೆ ದಾರಿ ತೆರೆದೇ ಇರುವುದರಿಂದ ಸ್ರಾವ ಹೆಚ್ಚುವುದೂ ಉಂಟು. ಕಿರಿದಾದ ಹಗ್ಗ, ತಂತಿಗಳು ಚರ್ಮ, ನರಗಳನ್ನು ಕೊರೆಯುತ್ತವೆ. ಆದ್ದರಿಂದ ಅಗಲವಾದ ಪಟ್ಟಿ, ತಿರುಚಲು ಗಟ್ಟಿ ಕೋಲು, ಕೋಲು ಬಿಚ್ಚಿಕೊಳ್ಳದಂತೆ ಇನ್ನೊಂದು ಕಟ್ಟು. ನಮ್ಮ ಹಳ್ಳಿಗಳಲ್ಲಿ ಹಾವು ಕಚ್ಚಿದವರ ಕೈಕಾಲಿಗೆ ಹಗ್ಗ ಬಿಗಿಯುವ ರೂಢಿ ಇನ್ನೂ ಇದೆ. ಅದು ಈ ಚಿಕಿತ್ಸೆಯಲ್ಲ, ಅಲ್ಲಿ ಅದು ಹಾನಿಯನ್ನೇ ಮಾಡುತ್ತದೆ.

ಶೈಲೋ ಕಾಳಗಕ್ಕೆ ಒಂದು ವರ್ಷ ಮೊದಲು, 1861ರಲ್ಲಿ, ಫಿಲಡೆಲ್ಫಿಯಾದ ಸ್ಯಾಮ್ಯುಯೆಲ್ ಗ್ರಾಸ್ ತನ್ನ ಸೇನಾಶಸ್ತ್ರಚಿಕಿತ್ಸೆಯ ಕೈಪಿಡಿಯಲ್ಲಿ ಕ್ರಾಂತಿಕಾರಕವಾದ ಮಾತೊಂದನ್ನು ಬರೆದಿದ್ದ. ಸಾಮಾನ್ಯ ಸಿಪಾಯಿಗೆ ಪೆಟಿಯ ಉಪಕರಣ ಬೇಕಿಲ್ಲ. ಜೇಬಿನಲ್ಲಿ ಆರು ಇಂಚಿನ ಕೋಲು, ಕರವಸ್ತ್ರ, ದಪ್ಪನೆಯ ಒತ್ತುಬಟ್ಟೆ ಇರಲಿ, ಹೇಗೆ, ಎಲ್ಲಿ, ಯಾವಾಗ ಬಳಸಬೇಕೆಂದು ಅವನಿಗೆ ಹೇಳಿಕೊಡಿ ಎಂಬುದು ಅದರ ಸಾರ. ಪ್ರಾಣ ಉಳಿಸುವ ಅಧಿಕಾರವನ್ನು ವೈದ್ಯನ ಪೆಟ್ಟಿಗೆಯಿಂದ ತೆಗೆದು ಸಿಪಾಯಿಯ ಜೇಬಿಗೆ ಹಾಕಿದ ಈ ಸಲಹೆಯನ್ನು ನಾನು ಪಾರೆಯ ದಾರದಷ್ಟೇ ದೊಡ್ಡದೆಂದು ಎಣಿಸುತ್ತೇನೆ. ಜರ್ಮನಿಯ ಸೇನಾವೈದ್ಯ ಫ್ರೀಡ್ರಿಶ್ ಫಾನ್ ಎಸ್ಮಾರ್ಕ್, ಬಳಸುವ ವಿಧಾನದ ಚಿತ್ರಗಳನ್ನೇ ಮುದ್ರಿಸಿದ್ದ ತ್ರಿಕೋನ ಪಟ್ಟಿಯನ್ನು ಜನಪ್ರಿಯಗೊಳಿಸಿ ಅದೇ ದಿಕ್ಕಿನಲ್ಲಿ ನಡೆದ.

ಮೊದಲ ಮಹಾಯುದ್ಧ ಈ ವಿಶ್ವಾಸವನ್ನು ಮುರಿಯಿತು. ಕಂದಕಗಳಲ್ಲಿ ಕಟ್ಟು ಬಿಗಿಸಿಕೊಂಡವರು ಗಂಟೆಗಟ್ಟಲೆ ಕಾಯುತ್ತಿದ್ದರು, ಆಸ್ಪತ್ರೆ ಮುಟ್ಟುವಾಗ ಕಾಲು ಕಪ್ಪಾಗಿರುತ್ತಿತ್ತು. ಕಣ್ಣೆದುರು ಕೊಳೆತ ಕಾಲನ್ನು ಕಂಡ ವೈದ್ಯರು ಕಟ್ಟನ್ನೇ ಶಪಿಸಿದರು. ಅವರ ಕಾಳಜಿ ಪ್ರಾಮಾಣಿಕವಾದದ್ದೇ, ಆದರೆ ನೋಟ ಅರ್ಧದ್ದು. ಕಟ್ಟಿಲ್ಲದೆ ಕಂದಕದಲ್ಲೇ ರಕ್ತ ಬಸಿದು ಸತ್ತವನು ಆಸ್ಪತ್ರೆಯ ದಾಖಲೆಗೆ ಬರುತ್ತಲೇ ಇರಲಿಲ್ಲ. ಟೂರ್ನಿಕೆಟ್ ಕೊಟ್ಟಕೊನೆಯ ಉಪಾಯ ಎಂಬ ಪಾಠ ಹೀಗೆ ಪ್ರಥಮ ಚಿಕಿತ್ಸೆಯ ಪುಸ್ತಕಗಳಲ್ಲಿ ದಶಕಗಳ ಕಾಲ ಕೂತುಬಿಟ್ಟಿತು. ಅದರ ಬೆಲೆ ತೆತ್ತವರಲ್ಲಿ ವಿಯೆಟ್ನಾಂನ ಸಿಪಾಯಿಗಳಿದ್ದರು. ಕೈಕಾಲಿನ ರಕ್ತಸ್ರಾವದಿಂದಲೇ ಅಲ್ಲಿ 2,500ಕ್ಕೂ ಹೆಚ್ಚು ಅಮೆರಿಕನ್ ಯೋಧರು ಸತ್ತರೆಂಬ ಅಂದಾಜಿದೆ.

ತಿರುವು 1996ರಲ್ಲಿ. ಅಮೆರಿಕದ ನೌಕಾಪಡೆಯ ವೈದ್ಯ ಫ್ರಾಂಕ್ ಬಟ್ಲರ್ ಮತ್ತು ಸಂಗಡಿಗರು ಗುಂಡಿನ ಮಳೆಯ ನಡುವೆ ಮಾಡಬಹುದಾದ ಚಿಕಿತ್ಸೆಗೆ ಹೊಸ ನಿಯಮಾವಳಿ ಬರೆದು, ಕೈಕಾಲಿನ ಮಾರಕ ರಕ್ತಸ್ರಾವಕ್ಕೆ ಟೂರ್ನಿಕೆಟ್ಟನ್ನೇ ಮೊದಲು ಬಳಸಿರೆಂದರು. ಇದಕ್ಕೆ ಪುರಾವೆ ಬಂದದ್ದು ಇರಾಕ್ ಯುದ್ಧದ ಕಾಲದಲ್ಲಿ, ಬಾಗ್ದಾದಿನ ಇಬ್ನ್ ಸಿನಾ ಆಸ್ಪತ್ರೆಯಿಂದ. ಸೇನಾವೈದ್ಯ ಜಾನ್ ಕ್ರಾಗ್ 2006ರಲ್ಲಿ ಅಲ್ಲಿ ನಡೆಸಿದ ಅಧ್ಯಯನದ 232 ಗಾಯಾಳುಗಳಲ್ಲಿ, ರಕ್ತನಷ್ಟದ ಆಘಾತಸ್ಥಿತಿಗೆ (ಶಾಕ್) ಜಾರುವ ಮೊದಲೇ ಕಟ್ಟು ಬಿದ್ದವರಲ್ಲಿ ಶೇ. 90ರಷ್ಟು ಬದುಕಿದರು, ಜಾರಿದ ಮೇಲೆ ಬಿದ್ದವರಲ್ಲಿ ಶೇ. 10ರಷ್ಟು ಮಾತ್ರ. ಬರೀ ಕಟ್ಟಿನ ಕಾರಣದಿಂದ ಯಾರೂ ಕೈಕಾಲು ಕಳೆದುಕೊಳ್ಳಲಿಲ್ಲ. ಹೆಲಿಕಾಪ್ಟರುಗಳು ಬೇಗ ಒಯ್ಯುತ್ತಿದ್ದುದೇ ಇದರ ಗುಟ್ಟು.

ಕೈಗೆ ಸಿಕ್ಕಿದ್ದರಿಂದ ಮಾಡಿದ ಕಟ್ಟಿನ ಪರೀಕ್ಷೆ ಯುದ್ಧದ ಆಚೆಗೂ ನಡೆಯಿತು. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಸ್ಫೋಟದ ಸ್ಥಳದಲ್ಲಿ ಬಿಗಿದ 27 ಟೂರ್ನಿಕೆಟ್‌ಗಳೂ ತತ್ಕಾಲಕ್ಕೆ ಮಾಡಿಕೊಂಡವೇ ಎಂದು ಆಮೇಲಿನ ವರದಿ ಹೇಳಿತು. ಅದನ್ನು ಓದಿದ ಶಸ್ತ್ರವೈದ್ಯರು ಇಂಥ ಕಟ್ಟುಗಳನ್ನು ನೆಚ್ಚಲಾಗದು, ಸಿದ್ಧ ಟೂರ್ನಿಕೆಟ್ ಎಲ್ಲ ಕಡೆ ಸಿಗಬೇಕು ಎಂದು ವಾದಿಸಿದರು. ಪ್ರಯೋಗಾಲಯದ ಮಾನವಾಕೃತಿಗಳ ಮೇಲೂ ಕೋಲಿಲ್ಲದ ಬಟ್ಟೆಕಟ್ಟು ಬಹುತೇಕ ಸೋತಿದೆ. ಹೊಟ್ಟೆ, ಎದೆಯ ಒಳಸ್ರಾವಕ್ಕಂತೂ ಯಾವ ಕಟ್ಟೂ ನಿಲುಕದು. ತೊಡೆಸಂದು, ಕಂಕುಳುಗಳಲ್ಲಿ ಶುದ್ಧವಾದ ಬಟ್ಟೆಯನ್ನು ಗಾಯದೊಳಗೆ ತುರುಕಿ, ಕೈಯ ಭಾರವೆಲ್ಲ ಬಿಟ್ಟು ಒತ್ತಿ ಹಿಡಿಯುವುದೇ ಮುಖ್ಯ ದಾರಿ.

2022ರಿಂದ ಉಕ್ರೇನಿನ ಯುದ್ಧದಲ್ಲಿ ಹಳೆಯ ಭಯ ಹಿಂತಿರುಗಿದೆ. ಡ್ರೋನ್‌ಗಳ ಕಣ್ಣಿನಡಿ ಗಾಯಾಳುಗಳನ್ನು ಸಾಗಿಸುವುದು ಗಂಟೆಗಟ್ಟಲೆ ತಡವಾಗುತ್ತಿದ್ದು, ನಿಜಕ್ಕೂ ಬೇಕಿಲ್ಲದ ಗಾಯಗಳ ಮೇಲೂ ಬಿದ್ದ ಟೂರ್ನಿಕೆಟ್‌ಗಳು ಬಹಳ ಹೊತ್ತು ಹಾಗೆಯೇ ಉಳಿದು ಕೈಕಾಲುಗಳು ಹೋಗುತ್ತಿವೆ. ಈ ಸಲ ವೈದ್ಯರು ಕಟ್ಟನ್ನು ಶಪಿಸಲಿಲ್ಲ. ಕಟ್ಟಿದ ಹೊತ್ತನ್ನು ಬರೆದಿಡುವುದು, ಎರಡು ಗಂಟೆಯೊಳಗೆ ಗಾಯವನ್ನು ಮತ್ತೆ ನೋಡುವುದು, ಗಾಯಾಳು ಆಘಾತಸ್ಥಿತಿಯಲ್ಲಿಲ್ಲದಿದ್ದರೆ ಬಟ್ಟೆ ತುಂಬಿ ಒತ್ತುಕಟ್ಟಿಗೆ ಬದಲಾಯಿಸಿ ಟೂರ್ನಿಕೆಟ್ ಸಡಿಲಿಸುವುದು, ಇವನ್ನು ಈಗ ಸೈನಿಕ ಚಿಕಿತ್ಸಕರಿಗೆ ಮುಂಚೂಣಿಯಲ್ಲೇ ಕಲಿಸಲಾಗುತ್ತಿದೆ.