ತೋಟದೊಳಗಿನ ಹಾದಿ

ಹೊಲದ ಬದುವಿನ ಮೇಲೆ ಕಾಲುದಾರಿ ಹೇಗೆ ಹುಟ್ಟುತ್ತದೆಂಬುದನ್ನು ಕೃಷ್ಣಾತೀರದ ಜುಗೂಳದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಬ್ಬ ಹೋದ, ಅವನ ಹಿಂದೆ ಮತ್ತೊಬ್ಬ ಹೋದ. ನಾಲ್ಕು ದಿನಕ್ಕೆ ಹುಲ್ಲು ಮಲಗಿತು. ಪೈರು ಕೊಯ್ದ ಮೇಲೆ ಯಾರೋ ಅದರ ಮೇಲೆಯೇ ಚಕ್ಕಡಿ ಹೊಡೆದರು. ಮರುವರ್ಷ ಅದು ಊರ ಹಾದಿ, ಮುಚ್ಚುತ್ತೇನೆಂದರೆ ಜಗಳ. ನಡೆಯುವವರಿಗೂ ನೆಲಕ್ಕೂ ಇರುವ ಈ ಹಳೆಯ ವ್ಯಾಜ್ಯವು ದೊಡ್ಡ ಪಟ್ಟಣದಲ್ಲಿ ಯಾವ ರೂಪ ತಾಳುತ್ತದೆಂಬುದಕ್ಕೆ ಬೆಂಗಳೂರಿನ ಕಬ್ಬನ್ ಪಾರ್ಕಿನ ಚರಿತ್ರೆಯನ್ನು ನೋಡಬಹುದು.

1870ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರರಾಗಿದ್ದ ರಿಚರ್ಡ್ ಸ್ಯಾಂಕಿ ಈ ಉದ್ಯಾನವನ್ನು ಏರ್ಪಡಿಸಿದರು. ಆಗ ಅದರ ವಿಸ್ತಾರ ಸುಮಾರು 100 ಎಕರೆ. ಮೊದಲು ಹಂಗಾಮಿ ಕಮಿಷನರ್ ಜಾನ್ ಮೀಡರ ಹೆಸರಿತ್ತು, ಬಳಿಕ ಮಾರ್ಕ್ ಕಬ್ಬನ್ನರ ಹೆಸರು ಬಂದಿತು, 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದಾಯಿತು. ಸರ್ಕಾರದ ಕಾಗದದಲ್ಲಿ ಏನೇ ಇರಲಿ, ಜನರ ನಾಲಗೆ ಎರಡನೆಯ ಹೆಸರನ್ನು ಬಿಡಲಿಲ್ಲ.

ಹೆಸರಿಗಿಂತ ಮುಖ್ಯವಾದುದು ಅದು ಇರುವ ಜಾಗ. ಒಂದು ಕಡೆಗೆ ಹಳೆಯ ಪೇಟೆ, ಇನ್ನೊಂದು ಕಡೆಗೆ 1809ರಲ್ಲಿ ಹುಟ್ಟಿದ ದಂಡು, ನಡುವೆ ಈ ತೋಟ. ಎರಡು ಊರುಗಳ ನಡುವಣ ಬಯಲನ್ನು ಜನರು ಹಾಯದೆ ಬಿಡುವರೆ? ಮರಗಳ ನಡುವೆ ಕುದುರೆಗಾಡಿಗಳು ಸುತ್ತಿಬರಲು ಹಾದಿಗಳಿದ್ದವು. ಸಂಜೆಯ ಗಾಳಿಸವಾರಿಗೆ ಅಷ್ಟು ಸಾಕು. ಕುದುರೆ ಹೋಗಿ ಮೋಟಾರು ಬಂದಾಗ, ತೋಟಕ್ಕೆ ಬರುವ ಹಾದಿಯೇ ತೋಟವನ್ನು ದಾಟುವ ಹಾದಿಯಾಯಿತು. ಇಡೀ ವ್ಯಾಜ್ಯದ ಬೇರು ನನಗೆ ಕಾಣುವುದು ಇಲ್ಲಿಯೇ.

ಸ್ಯಾಂಕಿಗಿಂತ 12 ವರ್ಷ ಮುಂಚೆ, 1858ರಲ್ಲಿ, ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ನಕಾಶೆ ಬರೆದ ಓಲ್ಮ್‌ಸ್ಟೆಡ್ ಮತ್ತು ವಾಕ್ಸ್ ಈ ಅಪಾಯವನ್ನು ಮುಂಗಂಡಿದ್ದರು. ಊರನ್ನು ಅಡ್ಡ ದಾಟುವ ಬಂಡಿಗಳಿಗೆಂದು ನಾಲ್ಕು ರಸ್ತೆಗಳನ್ನು ನೆಲಮಟ್ಟಕ್ಕಿಂತ ತಗ್ಗಿನಲ್ಲಿ ಇರಿಸಿದರು. ಮೇಲೆ ನಡೆಯುವವರ ಹಾದಿ ಬೇರೆ, ಕುದುರೆಯದು ಬೇರೆ, ಸವಾರಿಗಾಡಿಯದು ಬೇರೆ. ಅಷ್ಟಾದರೂ ಮೇಲಿನ ಗಾಡಿದಾರಿಗಳಿಗೆ ಮೋಟಾರು ನುಗ್ಗಿಯೇ ನುಗ್ಗಿತು. ಅದನ್ನು ಪೂರ್ತಿ ಹೊರಗಿಡಲು 2018ರವರೆಗೆ ಕಾಯಬೇಕಾಯಿತು. ಬೆಂಗಳೂರಿನಲ್ಲಿ ಅಂಥ ತಗ್ಗುರಸ್ತೆಗಳೂ ಇರಲಿಲ್ಲ.

1975ರಲ್ಲಿ ಸರ್ಕಾರಿ ಉದ್ಯಾನಗಳ ಸಂರಕ್ಷಣೆಗಾಗಿ ಕಾಯಿದೆ ಬಂದಿತು. 1998ರಲ್ಲಿ ಸರ್ಕಾರವೇ ಉದ್ಯಾನದ ಎಲ್ಲೆಯನ್ನು ಕಿರಿದು ಮಾಡಹೊರಟಾಗ ನಾಗರಿಕರು ಬೀದಿಗಿಳಿದರು. ಆದರೆ ಆ ಜಗಳ ಜಮೀನಿನದು; ಹಾದಿಯ ಬಳಕೆ ತನ್ನ ಪಾಡಿಗೆ ತಾನು ಬೆಳೆಯುತ್ತ ಹೋಯಿತು.

ನಡೆಯುವವರಿಂದ ಕೇಡೇ ಇಲ್ಲವೆಂದು ನಾನು ಹೇಳುತ್ತಿಲ್ಲ. ರಾಶಿ ಮಾಡುವ ಮುಂಚೆ ಕಣವನ್ನು ಹೇಗೆ ಗಟ್ಟಿ ಮಾಡುತ್ತೀರೆಂಬುದನ್ನು ನೆನೆದುಕೊಳ್ಳಿ. ಮರದ ಬುಡದಲ್ಲಿ ದಿನವೂ ನೂರಾರು ಪಾದಗಳು ಮಾಡುವ ಕೆಲಸವೂ ಅದೇ. ಮಣ್ಣಿನ ಸಣ್ಣ ಸಂದುಗಳು ಮುಚ್ಚಿಹೋಗುತ್ತವೆ. ಮಳೆಯ ನೀರು ಇಂಗದೆ ಹರಿದುಹೋಗುತ್ತದೆ, ಗಾಳಿಯೂ ಆಡದು. ಮರಕ್ಕೆ ನೀರುಣಿಸುವ ಎಳೆಬೇರುಗಳಾದರೋ ಬಹುಪಾಲು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲಿಯೇ ಇರತಕ್ಕವು. ಮರ ಕೂಡಲೇ ಬೀಳುವುದಿಲ್ಲ, ತುದಿಯಿಂದ ಒಣಗುತ್ತ ಬರುತ್ತದೆ; ಕಾರಣ ಕಾಲಿನದೆಂದು ಆಗ ಯಾರಿಗೂ ಹೊಳೆಯುವುದಿಲ್ಲ. ಇದಕ್ಕೆ ಮದ್ದು ನಮ್ಮ ರೈತರಿಗೆ ಗೊತ್ತಿದ್ದದ್ದೇ: ಒಳ್ಳೆಯ ಹಾದಿ ಒಂದನ್ನು ಕೊಟ್ಟು, ಕಳ್ಳದಾರಿಗೆ ಒಂದೆರಡು ಮಳೆಗಾಲ ಮುಳ್ಳು ಹಚ್ಚುವುದು.

ಪೂರ್ತಿ ಬೇಲಿ ಹಾಕಿಬಿಡಿ ಎನ್ನುವವರೂ ಉಂಟು. ಆದರೆ ಬೆಂಗಳೂರು ಕರಗದ ವಿಧಿಗಳಿಗೆ ಸೇರಿದ ಕರಗದ ಕುಂಟೆ ಇರುವುದು ಈ ಉದ್ಯಾನದಲ್ಲಿಯೇ. ಅದಕ್ಕೆ ನಡೆದುಬರುವ ಭಕ್ತರನ್ನೂ, ದಂಡಿನಿಂದ ಪೇಟೆಗೆ ಅಡ್ಡ ಹಾಯುವ ಮೋಟಾರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

2015ರಲ್ಲಿ ಭಾನುವಾರಗಳ ಮಟ್ಟಿಗೆ ಉದ್ಯಾನದೊಳಗೆ ವಾಹನಗಳನ್ನು ತಡೆಯುವ ಏರ್ಪಾಡಾಯಿತು. 2020ರಲ್ಲಿ ಕೋವಿಡ್ ಬಂದಾಗ ವಾರದ ದಿನಗಳಲ್ಲಿಯೂ ಅವು ನಿಂತವು. ಇನ್ನು ಬಿಡಲೇಬಾರದೆಂದು ನಡಿಗೆಯವರು ಕೇಳಿದರು. ಸುತ್ತಿನ ಬೀದಿಗಳು ಆ ಹೊರೆಯನ್ನು ತಾಳಲಾರವೆಂಬ ವಾದವೂ ಎದ್ದಿತು. ಕಡೆಗೆ ವಾಹನಗಳು ಮರಳಿದವು. ಭಾನುವಾರ ಮಕ್ಕಳು ಸೈಕಲ್ ಹೊಡೆಯುವ ಆ ಹಾದಿ ಸೋಮವಾರ ಬೆಳಗಾದರೆ ಮತ್ತೆ ಮೋಟಾರಿನದು.